ಎಲೆ ಹಚ್ಚಿದವರ ಹೆಸರು

ಹೋದ ವರ್ಷ ತುಮಕೂರಿನ ಒಂದು ಕಾಲೇಜಿನಲ್ಲಿ ಡಿಸೈನ್ ಕಲಿಯುವ ಮಕ್ಕಳ ಮುಂದೆ ನನ್ನನ್ನು ಕೂರಿಸಿದ್ದರು. "ಹಿರಿಯ ಕಲಾವಿದರು" ಎಂದು ಪರಿಚಯ ಮಾಡಿಕೊಟ್ಟರು. ನಾನು ಕಲಾವಿದನಲ್ಲ, ಅಕ್ಷರ ಬರೆಯುವವನು. ಊದುಬತ್ತಿ ಪೊಟ್ಟಣದಿಂದ ಹಿಡಿದು ಮದುವೆ ಕಾರ್ಡಿನವರೆಗೆ ಯಾವುದರ ಮೇಲೆ ಏನು ಬರೆಯಬೇಕೋ ಅದನ್ನು ಬರೆದು ಸಂಬಳ ತಗೊಂಡವನು. ಒಬ್ಬಳು ಹುಡುಗಿ ಎದ್ದು, "ಸರ್, ಒಂದು ಡಿಸೈನ್ ಕಂಪನಿ ಜನರಿಗೆ, ಪರಿಸರಕ್ಕೆ ಏನು ಮಾಡಬಹುದು?" ಎಂದು ಕೇಳಿದಳು. ನಾನು ಏನೋ ತಡವರಿಸಿ, ನೀರು ಕುಡಿದು ಕೂತೆ. ಮನೆಗೆ ವಾಪಸ್ ಬರುವ ಬಸ್ಸಿನಲ್ಲಿ ಹೇಳಬೇಕಾಗಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ನನ್ನ ಬುದ್ಧಿ ಯಾವಾಗಲೂ ಹಾಗೆಯೇ, ಸ್ಟಾಪು ದಾಟಿದ ಮೇಲೆ ಎಚ್ಚರವಾಗುತ್ತದೆ. ಆ ಹುಡುಗಿಗೆ ಅಂದು ಹೇಳದೆ ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಆಫೀಸು ಎಂ.ಜಿ. ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ, ಮೆಣಸಿನಕಾಯಿ ಮಂಡಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಮೂಟೆ ಇಳಿಸಿದರೆ ಮೇಲೆ ನಾವು ಸೀನುತ್ತಿದ್ದೆವು. ಸೀನು ಬಂದಾಗ ಕೈಯಲ್ಲಿ ಬ್ರಷ್ ಇದ್ದರೆ ಅಕ್ಷರದ ಕಥೆ ಮುಗಿದಂತೆಯೇ. ಒಡತಿ ವಿಶಾಲಾಕ್ಷಿ ಮೇಡಂ. ಮೈಸೂರಿನಲ್ಲಿ ಚಿತ್ರಕಲೆ ಓದಿ, ಮದುವೆಯಾಗಿ ತುಮಕೂರಿಗೆ ಬಂದವರು. ಸ್ಕ್ರೀನ್ ಪ್ರಿಂಟಿಂಗ್ ಮಾಡುವ ನಯಾಜ್, ಅಕ್ಷರ ಬರೆಯುವ ನಾನು, ಆಮೇಲೆ ಕಂಪ್ಯೂಟರ್ ಬಂದಾಗ ಅದರ ಜೊತೆಗೇ ಬಂದ ಸುಧಾ, ಇಷ್ಟೇ ನಮ್ಮ ಕಂಪನಿ. ಮೇಡಂಗೆ ಸಿಟ್ಟು ಬಂದರೆ ಬಯ್ಯುತ್ತಿರಲಿಲ್ಲ, ಪೆನ್ಸಿಲ್ ಕೆತ್ತಲು ಕೂರುತ್ತಿದ್ದರು. ಬೆಳಿಗ್ಗೆ ಬಂದಾಗ ಮೇಜಿನ ಮೇಲೆ ಚೂಪಾದ ಪೆನ್ಸಿಲ್‌ಗಳ ಸಾಲು ಕಂಡರೆ ನಾವು ಮೂವರೂ ಆವತ್ತು ತೆಪ್ಪಗೆ ಕೆಲಸ ಮಾಡುತ್ತಿದ್ದೆವು.

ಅವರದೊಂದೇ ಪಾಠ. ಯಾವ ಡಿಸೈನ್ ತೋರಿಸಿದರೂ ಮೊದಲು ಕೇಳುತ್ತಿದ್ದ ಮಾತು, "ಹಿಡ್ಕೊಂಡು ನೋಡಿದ್ರಾ?" ತೊಂಬತ್ತರ ದಶಕದ ಶುರುವಿನಲ್ಲಿ ಗುಬ್ಬಿಯ ಗಾಣದವರೊಬ್ಬರ ಎಣ್ಣೆ ಡಬ್ಬಿಗೆ ನಾನು ಕೆಂಪು ಅಕ್ಷರದಲ್ಲಿ ಹೆಸರು ಬರೆದಿದ್ದೆ. ಚೆನ್ನಾಗಿಯೇ ಇತ್ತು, ನನಗೇ ನಾಲ್ಕು ಸಲ ನೋಡಬೇಕು ಅನ್ನಿಸಿತ್ತು. ಮೇಡಂ ಅದನ್ನು ಪಕ್ಕಕ್ಕಿಟ್ಟು, "ಗುಬ್ಬೀಗೆ ಹೋಗಿ ಅಂಗಡೀಲಿ ನಿಂತ್ಕೊಂಡು ಬನ್ನಿ ರಂಗಸ್ವಾಮಿ," ಎಂದರು. ಹೋದೆ. ಅಂಗಡಿಯವನು ದಿನವಿಡೀ ಎಣ್ಣೆಗೈಯಲ್ಲಿ ಡಬ್ಬಿ ಹಿಡಿಯುತ್ತಿದ್ದ. ಅವನ ಹೆಬ್ಬೆರಳು ಸರಿಯಾಗಿ ನನ್ನ ಕೆಂಪು ಅಕ್ಷರ ಬರುವ ಜಾಗದಲ್ಲೇ ಕೂರುತ್ತಿತ್ತು. ವಾರದೊಳಗೆ ಗಾಣದವರ ಹೆಸರು ಅವನ ಬೆರಳಿಗೆ ಅಂಟಿ ಡಬ್ಬಿ ಬೋಳಾಗುವುದು ಖಚಿತವಾಗಿತ್ತು. ಹೆಸರನ್ನು ಡಬ್ಬಿಯ ಭುಜಕ್ಕೆ ಏರಿಸಿದೆವು. ಆವತ್ತಿನಿಂದ ನಾನು ಕುರ್ಚಿಯಲ್ಲಿ ಕೂತು ಡಿಸೈನ್ ಮಾಡುವುದನ್ನು ಬಿಟ್ಟೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಫ್ಲೆಕ್ಸ್ ಬಂತು. ಮೂರು ದಿನ ಕೂತು ಬಟ್ಟೆಯ ಮೇಲೆ ಬರೆಯುತ್ತಿದ್ದ ಬ್ಯಾನರ್ ಬೆಂಗಳೂರಿನ ಮೆಷಿನ್ನಿನಿಂದ ಮಧ್ಯಾಹ್ನದೊಳಗೆ ಉರುಳಿ ಬರುತ್ತಿತ್ತು. ಆ ಹೊಸದರಲ್ಲಿ ಕುಣಿಗಲ್ ಹತ್ತಿರದ ಒಂದು ಹಳ್ಳಿಯವರು ತಮ್ಮೂರ ಕೆರೆ ಉಳಿಸಲು ಜಾಥಾ ಮಾಡುತ್ತೇವೆ, ಬ್ಯಾನರ್ ಬೇಕು ಎಂದು ಬಂದರು. ಮೇಡಂ ಹುಮ್ಮಸ್ಸಿನಿಂದ ಒಪ್ಪಿಕೊಂಡು, ತಾವೇ ಕೂತು ಡಿಸೈನ್ ಮಾಡಿದರು. "ಕೆರೆಗೆ ಪ್ಲಾಸ್ಟಿಕ್ ಬೇಡ" ಎಂಬ ಮೂರೇ ಪದ, ಎತ್ತಿನಗಾಡಿಯಷ್ಟು ದೊಡ್ಡ ಫ್ಲೆಕ್ಸ್. ಜಾಥಾ ಚೆನ್ನಾಗಿ ಆಯಿತು, ಎಲ್ಲರೂ ಹೊಗಳಿದರು.

ಸ್ವಲ್ಪ ದಿನ ಬಿಟ್ಟು ಬೇರೆ ಕೆಲಸದ ಮೇಲೆ ಮೇಡಂ ಮತ್ತು ನಾನು ಗೂಳೂರು ಮಾರ್ಗವಾಗಿ ಕುಣಿಗಲ್‌ಗೆ ಹೋಗಿದ್ದೆವು. ಬರುವಾಗ ಕೆರೆ ನೋಡಿಕೊಂಡು ಹೋಗೋಣ ಎಂದು ಇಳಿದರು. ನಮ್ಮ ಬ್ಯಾನರ್ ಗಾಳಿಗೆ ಕಿತ್ತು ಕೆರೆಗೆ ಬಿದ್ದಿತ್ತು. "ಬೇಡ" ಎಂಬುದು ಏರಿಯ ಮೇಲೆ, "ಪ್ಲಾಸ್ಟಿಕ್" ನೀರಿನಲ್ಲಿ. ಒಂದು ಎಮ್ಮೆ ಅದರ ಮೇಲೆ ಆರಾಮಾಗಿ ನಿಂತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಮೇಡಂ ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೀರಿಗಿಳಿದು, ಎಮ್ಮೆಯನ್ನು ಅಟ್ಟಿ, ಅದನ್ನು ಎಳೆದು ಸುರುಳಿ ಸುತ್ತಿದರು. ಬಸ್ಸಿನಲ್ಲಿ ತೊಟ್ಟಿಕ್ಕುವ ಆ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಂಡಕ್ಟರ್ ಬಂದು, "ಏನಮ್ಮ ಅದು?" ಎಂದ.

"ನನ್ನ ಬುದ್ಧಿವಂತಿಕೆ ಕಣಪ್ಪ," ಎಂದರು ಮೇಡಂ. "ಲಗೇಜ್ ಟಿಕೇಟ್ ಕೊಡೋ ಹಾಗಿದ್ರೆ ಕೊಡು."

ಗೂಳೂರಿನಲ್ಲಿ ಬಸ್ಸು ನಿಂತಿತು. ಆಮೇಲೆ ನನ್ನ ಕಡೆ ತಿರುಗಿ, "ಬೇಡ ಬೇಡ ಅಂತ ಬೋರ್ಡು ಬರೆಯೋರು ಬೇಕಾದಷ್ಟು ಜನ ಇದಾರೆ ರಂಗಸ್ವಾಮಿ. ಅದು ಬೇಡ ಅಂದ್ರೆ ಜನ ಕೈಗೆ ಏನು ತಗೋಬೇಕು? ನಾವು ಮಾಡಬೇಕಾದ್ದು ಅದನ್ನ," ಎಂದರು. ತಪ್ಪು ಗೊತ್ತಾದ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದ ಮೇಲಧಿಕಾರಿಯನ್ನು ನಾನು ಅವರೊಬ್ಬರನ್ನೇ ಕಂಡದ್ದು.

ಜನ ಕೈಗೆ ತೆಗೆದುಕೊಳ್ಳುವ ವಸ್ತು ತಾನಾಗಿಯೇ ಮಹಡಿ ಹತ್ತಿ ಬಂತು. ತಂದವರು ಗಂಗಮ್ಮ. ಸಿ.ಎಸ್. ಪುರದ ಪಕ್ಕದ ಹಳ್ಳಿಯವರು, ಐವತ್ತರ ಆಸುಪಾಸು. ಮೆಟ್ಟಿಲು ಹತ್ತುವಾಗ ಶುರುವಾದ ಮಾತು ಇಳಿದು ಗಲ್ಲಿ ದಾಟುವವರೆಗೂ ನಿಲ್ಲುತ್ತಿರಲಿಲ್ಲ. ತಲೆಯ ಮೇಲಿದ್ದ ಮುತ್ತುಗದೆಲೆಯ ಕಟ್ಟನ್ನು ಮೇಡಂ ಅವರ ಮೇಜಿನ ಮೇಲೆ ಧೊಪ್ಪೆಂದು ಇಟ್ಟರು.

"ನಮ್ ಎಲೆಗೊಂದು ಬಣ್ಣದ್ ಚೀಟಿ ಮಾಡ್ಕೊಡಿ ಮೇಡಮ್ಮಾರೆ. ಛತ್ರದೋರು ಲೂಜ್ ಮಾಲು ಬ್ಯಾಡ, ಪ್ಯಾಕಿಂದು ತತ್ತಾ ಅಂತವ್ರೆ. ಚೀಟಿ ಮ್ಯಾಲೆ ಒಂದ್ ಕಡೆ ಲಕ್ಷ್ಮಿ ಇರ್ಲಿ, ಇನ್ನೊಂದ್ ಕಡೆ ನನ್ ಫೋಟೋ ಇರ್ಲಿ."

"ನಿಮ್ಮ ಫೋಟೋ ಯಾಕೆ ಗಂಗಮ್ಮ?"

"ಲಕ್ಷ್ಮಿ ಬಂದು ಎಲೆ ಹಚ್ತಾಳಾ? ಹಚ್ಚೋಳು ನಾನಲ್ವಾ?"

ನಮ್ಮ ಕಡೆ ಎಲೆಗೆ ಎಲೆ ಜೋಡಿಸಿ ಕಡ್ಡಿಯಿಂದ ಚುಚ್ಚಿ ಊಟದೆಲೆ ಮಾಡುವುದಕ್ಕೆ ಎಲೆ ಹಚ್ಚುವುದು ಎನ್ನುತ್ತಾರೆ. ಗಂಗಮ್ಮನ ಜೊತೆ ಸುತ್ತಿನ ಮೂರ್ನಾಲ್ಕು ಹಳ್ಳಿಯ ಹೆಂಗಸರು ಈ ಕೆಲಸ ಮಾಡುತ್ತಿದ್ದರು. ಆ ಹೊತ್ತಿಗೆ ಛತ್ರಗಳಿಗೆಲ್ಲ ಪ್ಲಾಸ್ಟಿಕ್ ಲೇಪದ ಪೇಪರ್ ತಟ್ಟೆ ನುಗ್ಗಿತ್ತು. "ಈ ಲಗ್ನದ್ ಕಾಲ್ದಾಗೂ ಎಲೆ ಹೋಗ್ನಿಲ್ಲ ಅಂದ್ರೆ ನಮ್ ಹೆಂಗಸ್ರು ಕೈ ಬುಟ್ಬುಡ್ತಾರೆ ಮೇಡಮ್ಮಾರೆ," ಎಂದು ಗಂಗಮ್ಮ ಮೊದಲ ಸಲ ದನಿ ಇಳಿಸಿದರು. "ಅವ್ರು ಕೈ ಬುಟ್ರೆ ಗಂಡಸ್ರು ಸುಮ್ನಿರ್ತಾರಾ? ಹೊಲದ್ ಬದಿನ್ ಮ್ಯಾಲಿನ್ ಮುತ್ತುಗದ್ ಮರ ಅಷ್ಟೂ ಇಟ್ಟಿಗೆ ಗೂಡ್ನೋರ್ಗೆ ಕಡ್ದು ಮಾರ್ತಾರೆ. ಎಲೆ ಹೋಯ್ತಾ ಇದ್ರೆ ಮರ ನಿಂತಿರ್ತದೆ. ಅಷ್ಟೇಯ."

ಮೇಡಂ ಚೀಟಿಯ ಮಾತೇ ಎತ್ತಲಿಲ್ಲ. ಮಾರನೆಯ ದಿನ ನಮ್ಮನ್ನೆಲ್ಲ ಕರೆದುಕೊಂಡು ಗುಬ್ಬಿ ಬಸ್ಸು ಹತ್ತಿದರು. ಅಲ್ಲಿಂದ ಸಿ.ಎಸ್. ಪುರ, ಅಲ್ಲಿಂದ ನಡಿಗೆ. ಜಗಲಿಯಲ್ಲಿ ಹೆಂಗಸರ ಪಕ್ಕ ಕೂತು ತಾವೂ ಎಲೆ ಹಚ್ಚಿದರು. ಅವರು ಹಚ್ಚಿದ ಎಲೆಯನ್ನು ಗಂಗಮ್ಮ ಬೆಳಕಿಗೆ ಹಿಡಿದು, "ಇದ್ರಾಗೆ ಸಾರು ಬುಟ್ರೆ ಊರಾಚೆ ಕೆರೆ ತುಂಬ್ತದೆ," ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಡಮ್ಮೇ. ಆಮೇಲೆ ತುಮಕೂರಿನ ಛತ್ರಗಳ ಊಟದ ಮನೆಗಳಲ್ಲಿ ಎಲೆ ಹಾಕಿ ನೋಡಿದೆವು. ತೊಂದರೆ ಚೀಟಿಯದಲ್ಲ ಎಂದು ಅಲ್ಲಿ ಗೊತ್ತಾಯಿತು. ನೆಲದ ಪಂಕ್ತಿಗೆ ಹಚ್ಚುತ್ತಿದ್ದ ಅಗಲವಾದ ಎಲೆ ಛತ್ರದ ಕಿರಿದಾದ ಟೇಬಲ್ಲಿನಲ್ಲಿ ಒಂದರ ಮೇಲೊಂದು ಹತ್ತಿ ಕೂರುತ್ತಿತ್ತು. ಒಬ್ಬರ ಸಾರು ಇನ್ನೊಬ್ಬರ ಮಡಿಲಿಗೆ ಹೋಗುತ್ತಿತ್ತು. ಒಬ್ಬೊಬ್ಬರು ಹಚ್ಚಿದ್ದು ಒಂದೊಂದು ಅಳತೆ ಬೇರೆ.

ಮೇಡಂ ಬೆತ್ತ ಬಾಗಿಸಿ ಉಂಗುರ ಮಾಡಿಸಿದರು. ಮನೆಗೊಂದು ಉಂಗುರ. ಎಲೆ ಅದರೊಳಗೆ ಹಿಡಿಯಬೇಕು, ಅಂಚು ಒಂದು ಬೆರಳಷ್ಟು ಮೇಲೆದ್ದಿರಬೇಕು, ಆಗ ಸಾರು ನಿಲ್ಲುತ್ತದೆ. ಹೆಂಗಸರು ಅದಕ್ಕೆ "ಮೇಡಮ್ಮಾರ ಬಳೆ" ಎಂದು ಹೆಸರಿಟ್ಟರು. ನಮ್ಮ ಕಂಪನಿ ಮಾಡಿದ ಅತ್ಯಂತ ಒಳ್ಳೆಯ ಡಿಸೈನ್ ಯಾವುದು ಎಂದು ಕೇಳಿದರೆ ನಾನು ಆ ಬಳೆಯನ್ನೇ ಹೇಳುತ್ತೇನೆ. ಅದರ ಮೇಲೆ ಒಂದು ಅಕ್ಷರವೂ ಇರಲಿಲ್ಲ.

ಬಳೆ ಆದ ಮೇಲೆ ಚೀಟಿ. ಅಂಟಿಸುವ ಸ್ಟಿಕ್ಕರ್ ಬೇಡ, ಕಟ್ಟಿನ ಸುತ್ತ ಖಾಕಿ ಕಾಗದದ ಪಟ್ಟಿ ಸಾಕು ಎಂದು ಮೇಡಂ ತೀರ್ಮಾನಿಸಿದರು. ಲಕ್ಷ್ಮಿಯೂ ಇಲ್ಲ, ಗಂಗಮ್ಮನ ಫೋಟೋವೂ ಇಲ್ಲ. ಅದಕ್ಕೆ ಗಂಗಮ್ಮ ಎರಡು ದಿನ ಮುನಿಸಿಕೊಂಡಿದ್ದರು. ಪಟ್ಟಿಯ ಮೇಲೆ ಬರಬೇಕಾಗಿದ್ದು ಒಂದೇ ಸಾಲು: "ಸಿ.ಎಸ್. ಪುರ ಹೋಬಳಿಯ ಹೆಂಗಸರು ಕೈಯಲ್ಲಿ ಹಚ್ಚಿದ ಎಲೆ." ಸುಧಾ ಟೈಪ್ ಮಾಡಿದಳು, ಮೇಡಂ ಓಕೆ ಮಾಡಿದರು, ನಯಾಜ್ ಪ್ರಿಂಟ್ ಹಾಕಿದ. ಕುಣಿಗಲ್‌ನ ಒಂದು ಮದುವೆಗೆ ಮೊದಲ ದೊಡ್ಡ ಆರ್ಡರ್. ಮಾದರಿಗೆಂದು ಒಂದು ಕಟ್ಟು ಮೊದಲೇ ಹೋಯಿತು. ಸಂಜೆ ಅಡುಗೆ ಭಟ್ಟರ ಫೋನ್ ಬಂತು, ದನಿಯಲ್ಲಿ ನಗು.

"ಇದು ಯಾವ ಸೊಪ್ಪು ಸಾರ್? ಪಲ್ಯಕ್ಕೋ ಹುಳಿಗೋ?"

ಓಡಿ ಹೋಗಿ ಪಟ್ಟಿ ನೋಡಿದರೆ "ಹಚ್ಚಿದ ಎಲೆ" ಎಂದಿರಬೇಕಾದ ಕಡೆ "ಹೆಚ್ಚಿದ ಎಲೆ" ಎಂದಿತ್ತು. ಒಂದು ಎತ್ವ ಹೆಚ್ಚಾಗಿ ಊಟದೆಲೆ ಹೋಗಿ ಸೊಪ್ಪಾಗಿತ್ತು. ಅಷ್ಟರಲ್ಲಿ ಗಂಗಮ್ಮನೂ ಒಂದು ಪಟ್ಟಿ ಹಿಡಿದು ಬಂದರು. ಅಕ್ಷರ ಕೂಡಿಸಿ ಕೂಡಿಸಿ ಓದಿಕೊಂಡಿದ್ದರಂತೆ.

"ಏನ್ ಮೇಡಮ್ಮಾರೆ, ನಾವೇನ್ ಎಲೇನ ಈಳಿಗೆಮಣೆ ಮ್ಯಾಲೆ ಹೆಚ್ಚಿ ಒಗ್ಗರಣೆ ಹಾಕ್ತೀವಾ?"

ಸುಧಾ ಅಳುವ ಹಾಗಾಗಿದ್ದಳು. ಮೇಡಂ, "ಓದಿ ಓಕೆ ಮಾಡಿದ್ದು ನಾನು. ನೀನು ಸುಮ್ನಿರು," ಎಂದರು. ಹೊಸದಾಗಿ ಪ್ರಿಂಟ್ ಹಾಕೋಣ ಎಂದ ನಯಾಜ್. ಇಷ್ಟು ಕಾಗದ ಕಸಕ್ಕೆ ಹಾಕಿ ಯಾವ ಮುಖದಲ್ಲಿ ಮರ ಉಳಿಸುವ ಮಾತಾಡುವುದು ಎಂದು ಮೇಡಂ ಒಪ್ಪಲಿಲ್ಲ. ಎಲ್ಲರೂ ಸಾಲಾಗಿ ಕೂತೆವು. ನಯಾಜ್ ಮತ್ತು ಮೇಡಂ ಬ್ಲೇಡಿನಿಂದ ಎತ್ವ ಕೆರೆಯುವುದು, ನಾನು ಸಣ್ಣ ಬ್ರಷ್ಷಿನಿಂದ ತಲೆಕಟ್ಟು ಹಾಕುವುದು, ಸುಧಾ ಒಣಗಿಸುವುದು. ನಯಾಜ್ ಅದಕ್ಕೆ "ಕ್ಷೌರ ಮಾಡಿ ಪೇಟ ಕಟ್ಟೋ ಕೆಲಸ" ಎಂದ. ಕೂತು ನೋಡುತ್ತಿದ್ದ ಗಂಗಮ್ಮನಿಗೆ ಮುನಿಸೆಲ್ಲ ಇಳಿದು, "ನಮ್ ಹೆಸ್ರಿಗೆ ಇಷ್ಟೊಂದ್ ಜನ ಕೆಲ್ಸ ಮಾಡ್ತಾವ್ರಲ್ಲಪ್ಪ," ಎಂದು ತಮಗೆ ತಾವೇ ಹೇಳಿಕೊಂಡರು. ಕುಣಿಗಲ್ ಮದುವೆಯಲ್ಲಿ ಒಂದೇ ಒಂದು ಎಲೆ ಸೋರಲಿಲ್ಲ. ಆ ಲಗ್ನದ ಕಾಲದಲ್ಲಿ ಮತ್ತೆರಡು ಮದುವೆಯ ಆರ್ಡರ್ ಬಂತು, ಮರುವರ್ಷ ಇನ್ನಷ್ಟು ಬಂತು.

ಇನ್ನು ನಿಜವಾದ ಪರೀಕ್ಷೆಯ ಮಾತು. ನಂಜುಂಡಪ್ಪನವರು ನಮ್ಮ ಹಳೆಯ ಗಿರಾಕಿ. ಅವರ ಊದುಬತ್ತಿ, ಸೋಪಿನ ಪುಡಿ, ಕ್ಯಾಲೆಂಡರ್ ಎಲ್ಲ ನಮ್ಮಲ್ಲೇ ಆಗುತ್ತಿತ್ತು. ನಮ್ಮ ಆಫೀಸು ನಡೆಯುತ್ತಿದ್ದುದೇ ಅವರ ಕೆಲಸದಿಂದ ಎಂದರೂ ತಪ್ಪಿಲ್ಲ. ಒಳ್ಳೆಯ ಮನುಷ್ಯ, ಮನೆಯಲ್ಲಿ ಹಸು ಸಾಕಿಕೊಂಡು ತಾವೇ ಹಾಲು ಕರೆಯುತ್ತಿದ್ದವರು. ಒಂದು ದಿನ ಅವರು ಸುರುಳಿಯೊಂದನ್ನು ತಂದು ಮೇಜಿನ ಮೇಲೆ ಬಿಚ್ಚಿದರು. ಊಟಕ್ಕೆ ಎಲೆಯ ಬದಲು ಹಾಕುವ ಪ್ಲಾಸ್ಟಿಕ್ ಲೇಪದ ಕಾಗದ, ಅದರ ಮೇಲೆ ಬಾಳೆಎಲೆಯ ಚಿತ್ರ. ಮಾದರಿಗೆ ಎಲ್ಲಿಂದಲೋ ತಂದಿದ್ದರು.

"ಇದ್ರಲ್ಲಿ ಎಲೆ ಚೆನ್ನಾಗಿ ಬಂದಿಲ್ಲ ಮೇಡಂ. ನರ ಸರಿಯಿಲ್ಲ, ಹಸಿರು ಸತ್ತೋಗಿದೆ. ನಮ್ಮ ರಂಗಸ್ವಾಮಿ ಬರೆದ್ರೆ ನಿಜವಾದ ಎಲೇನೇ ನಾಚ್ಕೋಬೇಕು. ಫ್ಯಾಕ್ಟರಿ ಶುರು ಮಾಡ್ತಿದೀನಿ, ಇದೊಂದು ಮಾಡ್ಕೊಡಿ."

ನನಗೆ ಒಳಗೊಳಗೆ ಉಬ್ಬಿತು. ಸುಳ್ಳೇಕೆ? ಫ್ಲೆಕ್ಸ್ ಬಂದ ಮೇಲೆ ನನ್ನ ಬ್ರಷ್ಷಿಗೆ ಕೆಲಸವೇ ಕಡಿಮೆಯಾಗಿತ್ತು. ನಿನ್ನ ಕೈಯೇ ಬೇಕು ಎಂದು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. ಅವರು ಹೋದ ಮೇಲೆ ಮೇಡಂ ಒಂದೇ ಒಂದು ಪೆನ್ಸಿಲ್ ಕೆತ್ತಲಿಲ್ಲ. "ಬರೆಯೋರು ನೀವು. ನೀವು ಬರೀತೀನಿ ಅಂದ್ರೆ ನಾನು ಬೇಡ ಅನ್ನಲ್ಲ. ಆದ್ರೆ ಮೊದಲು ಹಿಡ್ಕೊಂಡು ನೋಡೋಣ," ಎಂದು ಮಾರನೆಯ ದಿನ ನಂಜುಂಡಪ್ಪನವರನ್ನೂ ಊಟಕ್ಕೆ ಕರೆದರು.

ಅರ್ಧ ಜನಕ್ಕೆ ಮುತ್ತುಗದೆಲೆ, ಅರ್ಧ ಜನಕ್ಕೆ ಆ ಸುರುಳಿಯಿಂದ ಕತ್ತರಿಸಿದ ಪ್ಲಾಸ್ಟಿಕ್ ಎಲೆ. ಅನ್ನ ಹುಳಿ ಉಂಡು, ಎಲೆ ಎತ್ತಿ ಕೆಳಗೆ ಗಲ್ಲಿಯಲ್ಲಿ ಇಟ್ಟೆವು. ಯಾವುದು ಏನಾಗುತ್ತದೆ ಎಂದು ನೋಡುವ ಯೋಚನೆ ಮೇಡಂ ಅವರದು. ಮಂಡಿಯ ಮುಂದೆ ಸದಾ ಅಲೆಯುತ್ತಿದ್ದ ಒಂದು ಹಸು ಬಂತು. ಮೊದಲು ಮುತ್ತುಗದೆಲೆ ತಿಂದಿತು, ನಮಗೆ ಖುಷಿಯಾಯಿತು. ಆಮೇಲೆ ಅನ್ನದ ವಾಸನೆಗೆ ಪ್ಲಾಸ್ಟಿಕ್ ಎಲೆಗೂ ಬಾಯಿ ಹಾಕಿತು. ಅದು ಅದನ್ನು ಎಲೆಯೆಂದೇ ತಿಳಿದಿತ್ತೋ ಏನೋ, ನಿಧಾನವಾಗಿ ಒಳಗೆ ಎಳೆದುಕೊಳ್ಳುತ್ತಿತ್ತು. ನಾವೆಲ್ಲ ಗಾಬರಿಯಾಗಿ ನಿಂತಿದ್ದಾಗ ನಂಜುಂಡಪ್ಪನವರು ಮುನ್ನುಗ್ಗಿ, ಹಸುವಿನ ಬಾಯಿಗೆ ಕೈ ಹಾಕಿ, "ಬುಡೇ ತಾಯಿ, ಬುಡು," ಎನ್ನುತ್ತ ಅದನ್ನು ಎಳೆದು ತೆಗೆದರು. ಅವರ ಬಿಳಿ ಶರಟೆಲ್ಲ ಜೊಲ್ಲು, ಹುಳಿ. ನಲ್ಲಿಯ ಹತ್ತಿರ ಬಹಳ ಹೊತ್ತು ಕೈ ತೊಳೆದುಕೊಂಡರು.

ಮೇಲೆ ಬಂದು ಕೂತು, "ನಾನು ಮಾಡದೇ ಇದ್ರೆ ಇನ್ನೊಬ್ಬ ಮಾಡ್ತಾನೆ ಮೇಡಂ," ಎಂದರು. ದನಿಯಲ್ಲಿ ಜೋರಿರಲಿಲ್ಲ.

"ಮಾಡ್ಲಿ ನಂಜುಂಡಪ್ಪನೋರೆ. ತಡೆಯೋ ಶಕ್ತಿ ನನಗಿಲ್ಲ. ರಂಗಸ್ವಾಮಿ ಏನಂತಾರೋ ಕೇಳಿ."

ಎಲ್ಲರೂ ನನ್ನ ಕಡೆ ನೋಡಿದರು. ಹಾಗಲವಾಡಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಿಂದ ಗೋಡೆಗೋಡೆಯ ಮೇಲೆ ಬಾಳೆಎಲೆ ಬರೆದು ಬೆಳೆದ ನಾನು, "ನನಗೆ ಬಾಳೆಎಲೆ ಬರೆಯೋಕೆ ಬರಲ್ಲ ಸಾರ್," ಎಂದೆ.

ನಂಜುಂಡಪ್ಪನವರು ಸುರುಳಿ ಸುತ್ತಿಕೊಂಡು ಹೋದರು. ಅವರ ಊದುಬತ್ತಿಯೂ ಹೋಯಿತು, ಸೋಪಿನ ಪುಡಿಯೂ ಹೋಯಿತು. ಆಮೇಲಿನ ದಿನಗಳು ಕಷ್ಟದವೇ. ಮೇಡಂ ನಮ್ಮಲ್ಲಿ ಒಬ್ಬರನ್ನೂ ಬಿಡಿಸಲಿಲ್ಲ. ನನ್ನನ್ನು ಸುಧಾಳ ಪಕ್ಕ ಕೂರಿಸಿ ಮೌಸು ಹಿಡಿಸಿದರು. ಬ್ರಷ್ ಹಿಡಿದ ಕೈಗೆ ಅದೊಂದು ಇಲಿಮರಿ ಹಿಡಿದ ಹಾಗಿತ್ತು, ಎಲ್ಲೆಲ್ಲೋ ಓಡುತ್ತಿತ್ತು. ಕಲಿತೆ. ನಮ್ಮಲ್ಲಿ ಮದುವೆ ಕಾರ್ಡು ಮಾಡಿಸಲು ಬಂದವರಿಗೆಲ್ಲ ಮೇಡಂ ಮುತ್ತುಗದೆಲೆಯಲ್ಲೇ ಕಾಫಿಯ ಜೊತೆಗಿನ ತಿಂಡಿ ಕೊಡುತ್ತಿದ್ದರು. ಕಾರ್ಡಿನ ಕೆಳಗೆ "ಊಟ ಮುತ್ತುಗದೆಲೆಯಲ್ಲಿ" ಎಂಬ ಸಣ್ಣ ಸಾಲು ಹಾಕಿಸಿಕೊಂಡವರಿಗೆ ಗಂಗಮ್ಮನ ವಿಳಾಸ ಹೋಗುತ್ತಿತ್ತು. ನಂಜುಂಡಪ್ಪನವರು ಹೇಳಿದ್ದೂ ಸುಳ್ಳಾಗಲಿಲ್ಲ. ಚಿತ್ರದೆಲೆ ಯಾರೋ ಬರೆದು, ಎಲ್ಲೆಲ್ಲೂ ಹರಡಿತು. ಅವರ ಫ್ಯಾಕ್ಟರಿಯೂ ನಡೆಯಿತು. ನಾವು ಗೆದ್ದೆವು ಎಂದು ನಾನು ಹೇಳುವುದಿಲ್ಲ. ಆದರೆ ಗಂಗಮ್ಮನ ಕಡೆಯ ಹಳ್ಳಿಗಳಲ್ಲಿ ಬದಿನ ಮೇಲಿನ ಮುತ್ತುಗದ ಮರಗಳು ಬಹಳಷ್ಟು ನಿಂತವು. ಅವು ಹೂ ಬಿಟ್ಟಾಗ ಬಸ್ಸಿನ ಕಿಟಕಿಯಿಂದಲೇ ಕಾಣುತ್ತಿದ್ದವು.

ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಗಂಗಮ್ಮ ಪಟ್ಟಿ ತಗೊಂಡು ಹೋಗಲು ಬಂದಿದ್ದರು. ಆಗ ನಂಜುಂಡಪ್ಪನವರು ಮೆಟ್ಟಿಲು ಹತ್ತಿ ಬಂದರು. ಮಗಳ ಮದುವೆ ಗುಬ್ಬಿಯಲ್ಲಿ. ವಯಸ್ಸಾದ ತಾಯಿ ಪ್ಲಾಸ್ಟಿಕ್ ಎಲೆಯಲ್ಲಿ ಉಣ್ಣುವುದಿಲ್ಲ, ನೆಂಟರಿಗೂ ಬಡಿಸಲು ಬಿಡುವುದಿಲ್ಲ ಎಂದು ಹಟ ಹಿಡಿದಿದ್ದರಂತೆ. "ಮುತ್ತುಗದೆಲೆ ಬೇಕಿತ್ತು," ಎಂದು ಕುರ್ಚಿಯ ತುದಿಯಲ್ಲಿ ಕೂತರು. ಆಮೇಲೆ, "ಆ ಕಾಗದದ ಪಟ್ಟಿ ಮಾತ್ರ ಬಿಚ್ಚಿ ಕೊಡಿ. ಬರೋ ನೆಂಟರಿಗೆಲ್ಲ ನನ್ನ ವ್ಯಾಪಾರ ಗೊತ್ತು," ಎಂದರು.

ಮೇಡಂ ಗಂಗಮ್ಮನ ಕಡೆ ನೋಡಿದರು. ಅದು ಆ ಹೆಂಗಸರ ಆರ್ಡರ್, ದೊಡ್ಡ ಆರ್ಡರ್. ಬೇಡ ಎಂದರೆ ನಷ್ಟ ಅವರಿಗೇ.

"ಎಲೆ ಬೇಕು, ಹಚ್ಚಿದೋರ್ ಹೆಸ್ರು ಬ್ಯಾಡ್ವಾ ಸಾಮಿ?" ಎಂದರು ಗಂಗಮ್ಮ. "ಹೆಸ್ರು ಕಿತ್ತಾಕಿ ಕೊಡಾಕೆ ನಾವೇನ್ ಕದ್ದ ಮಾಲು ಮಾರ್ತಾ ಇದೀವಾ? ತಗೊಂಡ್ರೆ ಎರ್ಡೂ ತಗೊಳಿ. ಇಲ್ಲಾಂದ್ರೆ ನಿಮ್ ಫ್ಯಾಕ್ಟ್ರೀಲೇ ಐತಲ್ಲ ಎಲೆ."

ನಂಜುಂಡಪ್ಪನವರು ಎದ್ದು ನಿಂತು, "ಎರಡೂ ಕೊಡಿ," ಎಂದರು. ಬಾಗಿಲವರೆಗೆ ಹೋದವರು ತಿರುಗಿ ಬಂದು, "ನೀವೆಲ್ಲ ಊಟಕ್ಕೆ ಬರಬೇಕು. ನಿಮ್ಮ ಹೆಂಗಸರೂ ಬರಬೇಕು," ಎಂದರು.

ಹೋದೆವು. ಎಷ್ಟೋ ಛತ್ರಗಳ ಹಿಂಬಾಗಿಲಿಗೆ ಎಲೆ ಹೊತ್ತು ಹಾಕಿದ್ದ ಆ ಹೆಂಗಸರು ಊಟದ ಮನೆಯೊಳಗೆ ಮೊದಲ ಪಂಕ್ತಿಯಲ್ಲಿ ಕೂತದ್ದು ಆವತ್ತೇ. ಮೇಡಂ ಅವರ ನಡುವೆ ಕೂತರು, ನಾನು ಎದುರು ಸಾಲಿನಲ್ಲಿ. ಅನ್ನದ ಬುಟ್ಟಿ ಹಿಡಿದವನು ಗಂಗಮ್ಮನ ಮುಂದೆ ಬಂದ. ಗಂಗಮ್ಮ ಅಂಗೈ ಅಡ್ಡ ಹಿಡಿದು ತಡೆದರು. ಎಲೆಯ ಅಂಚನ್ನು ಬೆರಳಲ್ಲಿ ಸವರಿ, ಕಡ್ಡಿ ಚುಚ್ಚಿದ್ದನ್ನು ಬಾಗಿ ನೋಡಿ, "ಇದು ನಮ್ ವಾರಗಿತ್ತಿ ಪುಟ್ಟತಾಯಿ ಹಚ್ಚಿದ್ದು," ಎಂದರು. ಪಕ್ಕದವರು ತಮ್ಮೆಲೆ ನೋಡಿ, "ಇದು ನಿನ್ದೇ ಕಣಕ್ಕ," ಎಂದರು. ಅದರಾಚೆಯವರು, "ಇದು ಮೂಲೆಮನೆ ಜಯಮ್ಮುಂದು," ಎಂದರು. ಹಾಗೆ ಸಾಲಿನ ಉದ್ದಕ್ಕೂ ಒಂದೊಂದೇ ಹೆಸರು ಹೋಗತೊಡಗಿತು. ಬಡಿಸುವವನಿಗೆ ಬುಟ್ಟಿಯ ಭಾರ, ಹಿಂದೆ ಹುಳಿಯವನು ಕಾಯುತ್ತಿದ್ದ. ಅವನು ಬಗ್ಗಿ ಅನ್ನ ಹಾಕಲು ಹೋದಾಗ ನಂಜುಂಡಪ್ಪನವರು ಅವನ ತೋಳು ಹಿಡಿದರು.

"ಇರಪ್ಪ," ಎಂದರು. "ಅವರು ಹೇಳಿ ಮುಗಿಸಲಿ."